ಇಂಗಿದ ನೀರು: ಚಿಕ್ಕೋಡಿ, ರಾಯಬಾಗ, ಅಥಣಿ ಪ್ರಾಂತದ ಮಣ್ಣುಗಾಲುವೆಗಳ ನಷ್ಟವಿಚಾರ

ಕ್ರಿ. ಶ. ೧೩೬೯ರ ಪೋರುಮಾಮಿಳ್ಳ ಶಾಸನವು ಕನ್ನಡ ನಾಡಿನ ಈಗಿನ ಎಲ್ಲೆಯ ಹೊರಗೆ, ಕಡಪ ಜಿಲ್ಲೆಯಲ್ಲಿ ಇದ್ದರೂ ವಿಜಯನಗರದ ಕರ್ಣಾಟ ಸಾಮ್ರಾಜ್ಯಕ್ಕೆ ಸೇರಿದುದು. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯನ್ನು ಕುರಿತ ಈ ಸಂಸ್ಕೃತ ಶಾಸನದಲ್ಲಿ ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳೂ ಇರಬಾರದ ಆರು ದೋಷಗಳೂ ಎಣಿಸಲ್ಪಟ್ಟಿವೆ. ಏರಿಯಿಂದ ನೀರು ಒಸರುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಇರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಸ್ವಲ್ಪವಾಗಿ ಉಣಿಸಬೇಕಾದ ನೆಲ ವಿಸ್ತಾರವಾಗಿರುವುದು, ನೀರು ಹೆಚ್ಚಾಗಿ ನೆಲ ಸಂಕುಚಿತವಾಗಿರುವುದು. ಇವೇ ಆ ಆರು. ಮಣ್ಣು ನೀರುಗಳ ದೋಷಗಳ ನಡುವೆ ರಾಜ್ಯದ ಗಡಿಯನ್ನೂ ಒಂದು ದೋಷವೆಂದು ಸೇರಿಸಿದ ಶಾಸನಕಾರನ ವಿವೇಕವು ಗಮನಿಸತಕ್ಕುದು. ಅವನು ಹೇಳಿದುದು ಕೆರೆಯನ್ನು ಕುರಿತು, ಕಾಲುವೆಯನ್ನು ಕುರಿತಲ್ಲ; ಆದರೂ ಆರರಲ್ಲಿ ನಾಲ್ಕು ದೋಷಗಳು, ಎಂದರೆ ಒಸರು, ಚೌಳು, ಗಡಿ, ಅಲ್ಪಜಲಕ್ಕೆ ಅಧಿಕಭೂಮಿ ಎಂಬವು, ಬೆಳಗಾವಿ ಜಿಲ್ಲೆಯ ಉತ್ತರಭಾಗದ ಕಾಲುವೆಗಳ ಚರಿತ್ರೆಯಲ್ಲಿ ಒಂದರೊಡನೊಂದು ಹೆಣೆದುಕೊಂಡು ಬಂದಿವೆ. ಆ ಹೆಣಿಗೆಯನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಚಿಕ್ಕೋಡಿ, ರಾಯಬಾಗ, ಅಥಣಿ ಎಂಬ ಮೂರು ತಾಲೂಕುಗಳೂ, ಚಿಕ್ಕೋಡಿಯಿಂದ ಬೇರೆಯಾದ ನಿಪ್ಪಾಣಿ, ಅಥಣಿಯಿಂದ ಬೇರೆಯಾದ ಕಾಗವಾಡಗಳೂ ಸೇರಿದ ಈ ಸೀಮೆಗೆ ಕೃಷ್ಣೆಯೇ ನಡುಗೆರೆ. ಪಡುವಣದಿಂದ ದೂಧಗಂಗೆಯೂ ವೇದಗಂಗೆಯೂ ಬಂದು ಭೋಜ ಗ್ರಾಮದ ಬಳಿ ಒಂದಾಗಿ ಮುಂದೆ ಕೃಷ್ಣೆಯನ್ನು ಕೂಡುತ್ತವೆ. ಸಹ್ಯಾದ್ರಿಗೆ ಸಮೀಪವಾದ ನಿಪ್ಪಾಣಿಯ ಕಡೆ ಮಳೆ ಸಾಕಷ್ಟು ಬೀಳುತ್ತದೆ; ಮೂಡಣದ ಅಥಣಿಗೆ ಹೋಗುತ್ತ ಹೋಗುತ್ತ ಅದು ಕ್ಷೀಣಿಸುತ್ತದೆ. ನೆಲದ ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಕರಿಯ ಬಂಡೆ: ಈ ಮೂರು ಪದರಗಳ ಸ್ವಭಾವವನ್ನು ತಿಳಿಯದೆ ಇಲ್ಲಿನ ಕಾಲುವೆಗಳ ಕಥೆ ತಿಳಿಯುವಂತಿಲ್ಲ. ಎರೆಯು ಒಣಗಿದಾಗ ಬಿರಿದು, ಕೈ ತೂರುವಷ್ಟು ಅಗಲದ ಸೀಳುಗಳಿಂದ ಕೂಡಿರುತ್ತದೆ. ನೆನೆದ ಮೇಲೆ ಉಬ್ಬಿ, ಆ ಸೀಳುಗಳನ್ನು ತಾನೇ ಮುಚ್ಚಿಕೊಂಡು, ನೀರನ್ನು ಬಹಳ ನಿಧಾನವಾಗಿ ಮಾತ್ರ ಒಳಗೆ ಬಿಡುತ್ತದೆ. ಗರಸು ಹಾಗಲ್ಲ, ಬಿರುಕು ಮುಚ್ಚುವ ಗುಣ ಅದಕ್ಕಿಲ್ಲ. ಆದುದರಿಂದ ಎರೆಯಲ್ಲಿ ತೋಡಿದ ಕಾಲುವೆ ಮೊದಲ ನೀರನ್ನು ಕುಡಿದು ಆಮೇಲೆ ಸುಮ್ಮನಾದರೆ, ಗರಸಿನಲ್ಲಿ ಕಡಿದ ಕಾಲುವೆ ವರ್ಷವಿಡೀ ಕುಡಿಯುತ್ತಲೇ ಇರುತ್ತದೆ. ಪಾಳಿಯ ಮೇಲೆ ನೀರು ಬಿಟ್ಟು ನಿಲ್ಲಿಸುವ ಕ್ರಮದಲ್ಲಿ ಎರೆಯ ಕಾಲುವೆಗೂ ಪ್ರತಿ ಸಲ ಹೊಸ ಬಾಯಾರಿಕೆ. ಅಳತೆಯ ಪುಸ್ತಕ ಹುಟ್ಟುವ ಮೊದಲೇ ಇದನ್ನು ಒಕ್ಕಲಿಗನು ಬಲ್ಲನು.

ಭಾಷೆಯೇ ಇದಕ್ಕೆ ಸಾಕ್ಷಿ. ಇಂಗ್ಲಿಷಿನಲ್ಲಿ ಬರೆದ ಇಂಜಿನಿಯರರ ವರದಿಗಳು 'ನಷ್ಟ' ಎಂಬ ಒಂದೇ ಮಾತಿನೊಳಗೆ ಅಡಗಿಸಿದ ವ್ಯಾಪಾರಗಳನ್ನು ಕನ್ನಡವು ಬೇರೆ ಬೇರೆ ಧಾತುಗಳಿಂದ ಹೇಳುತ್ತದೆ. ನೀರು ನೆಲಕ್ಕಿಳಿದು ಕಾಣದಾಗುವುದು ಇಂಗುವುದು. ಏರಿಯ ಮೈಯಿಂದ ಹೊರಹೊಮ್ಮುವುದು ಒಸರುವುದು. ಹನಿಹನಿಯಾಗಿ ಬರುವುದು ಜಿನುಗುವುದು. ತೂತಿನಿಂದ ಹೋಗುವುದು ಸೋರುವುದು. ತೊಯ್ದ ನೆಲದಿಂದ ಹೆಚ್ಚಿನ ನೀರು ಹರಿದು ಹೋಗುವುದು ಬಸಿಯುವುದು. ಬಿಸಿಲಿಗೆ ಹೋಗುವುದು ಆರುವುದು. ಇಂಗಿದುದು ಇನ್ನೊಂದೆಡೆ ಮೇಲೆದ್ದರೆ ಅದು ಒರತೆ; ಏಳಲಾರದೆ ನೆಲದಲ್ಲಿಯೇ ನಿಂತರೆ ಜವಳು; ನಿಂತು ಉಪ್ಪನ್ನು ಮೇಲಕ್ಕೆ ತಂದರೆ ಸವಳು. ಇವುಗಳಲ್ಲಿ ಯಾವುದೂ ತಾನಾಗಿ ನಷ್ಟವೂ ಅಲ್ಲ, ಲಾಭವೂ ಅಲ್ಲ. ಯಾರ ಹೊಲದಲ್ಲಿ ಯಾವುದು ನಡೆಯಿತೆಂಬುದರ ಮೇಲೆ ಅದರ ಹೆಸರು ನಿಲ್ಲುತ್ತದೆ. ಈ ಪದಸಂಪತ್ತು ಕಾಲುವೆಗಳು ಬಂದ ಮೇಲೆ ಹುಟ್ಟಿದುದಲ್ಲ. ಕೆರೆ, ಬಾವಿ, ಹಳ್ಳಗಳ ಸಹವಾಸದಿಂದ ಬಂದುದು.

ಕನ್ನಡ ಶಾಸನಗಳಲ್ಲಿ ನೀರಾವರಿಯ ಪಾರಿಭಾಷಿಕ ಶಬ್ದಗಳು ಹೇರಳವಾಗಿವೆ. ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಎಂಬವು ಕೆರೆ ಕಾಲುವೆಗಳನ್ನು ಕಟ್ಟಿದವರಿಗೂ ಕಾಯ್ದವರಿಗೂ ಸಲ್ಲುತ್ತಿದ್ದ ಭೂಮಿ, ಧಾನ್ಯ, ಆದಾಯಗಳ ಹೆಸರುಗಳು. ಅವುಗಳಲ್ಲಿ ಒಂದೂ ಪೋಲಾದ ನೀರಿನ ಅಳತೆಯ ಹೆಸರಲ್ಲ. ಅಂದಿನವರಿಗೆ ಒಸರು ತಿಳಿಯದಿದ್ದುದರಿಂದ ಹೀಗಾಯಿತೆನ್ನಲಾಗದು. ಪೋರುಮಾಮಿಳ್ಳದ ಶಾಸನವೇ ಆ ಮಾತನ್ನು ಸುಳ್ಳು ಮಾಡುತ್ತದೆ. ಅವರು ಹೋದ ನೀರನ್ನು ಅಳೆಯುವುದಕ್ಕೆ ಬದಲಾಗಿ, ಅದು ಹೋಗದಂತೆ ಏರಿಯನ್ನು ತುಳಿದು ಹೂಳನ್ನು ಎತ್ತುವವನಿಗೆ ಶಾಶ್ವತವಾದ ಹಕ್ಕನ್ನು ಬಿಟ್ಟುಕೊಟ್ಟರು. ನಷ್ಟದ ಲೆಕ್ಕವು ಅವರಲ್ಲಿ ದುರಸ್ತಿಯ ಲೆಕ್ಕವಾಗಿ ಕಾಣಿಸಿಕೊಳ್ಳುತ್ತದೆ. ಹೊಲದ ಅಂಚಿನ ಬಾವಿಯಿಂದ ಕಪಿಲೆ ಹೊಡೆಯುವವನಿಗಂತೂ ಈ ಪ್ರಶ್ನೆ ಏಳುವ ಸಂಭವವೇ ಕಡಮೆ. ಕಪಿಲೆಯ ಕಾಲುವೆ ಗೇಣುದ್ದ. ಅದರಲ್ಲಿ ಇಂಗಿದ ನೀರು ತಿರುಗಿ ಅದೇ ಬಾವಿಯ ಒರತೆ.

ದೂರದಿಂದ ನೀರು ತರುವ ದೊಡ್ಡ ಮಣ್ಣುಗಾಲುವೆ ಈ ಭಾಗಕ್ಕೆ ಬಂದುದು ೧೯ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ಧಾತು, ಈಶ್ವರ ಸಂವತ್ಸರಗಳ, ಎಂದರೆ ೧೮೭೬–೭೮ರ, ಘೋರ ಕ್ಷಾಮವು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನು ಹಿಂಡಿದ ಬಳಿಕ ಗೋಕಾಕ ಜಲಪಾತಕ್ಕೆ ಮೇಲುಗಡೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಹಾಕಿ ಎಡದಂಡೆಯಲ್ಲಿ ಕಾಲುವೆಯನ್ನು ತೆಗೆದರು. ಇದು ಗೋಕಾಕ ಕಾಲುವೆ. ಬ್ರಿಟಿಷರ ನೆಲದಲ್ಲಿ ಹರಿಯಲು ಕಟ್ಟಿದ ಈ ಕಾಲುವೆಗೆ ಉತ್ತರಕ್ಕಿದ್ದ ರಾಯಬಾಗವು ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ೧೯೪೯ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಹಾಗೆಯೇ ಇತ್ತು. ಶಾಸನಕಾರನ ಮೂರನೆಯ ದೋಷವು ಕಾಲುವೆಯ ಹುಟ್ಟಿನೊಡನೆಯೇ ಹುಟ್ಟಿತೆನ್ನಬೇಕು.

ಕಾಲುವೆಗೂ ಮೊದಲು ಕಾಯಿದೆ ಬಂದಿತ್ತು. ೧೮೭೯ರ ಮುಂಬಯಿ ನೀರಾವರಿ ಕಾಯಿದೆಯಲ್ಲಿ ಈ ವಿಷಯಕ್ಕೆ ಅತ್ಯಂತ ಮುಖ್ಯವಾದ ಒಂದು ಕಲಮು ಉಂಟು. ಕಾಲುವೆಯಿಂದ ೨೦೦ ಗಜಗಳೊಳಗಿನ ಸಾಗುವಳಿ ಭೂಮಿಗೆ ಇಂಗಿದ ಅಥವಾ ಸೋರಿದ ನೀರಿನಿಂದ ನೇರವಾಗಿ ನೀರು ಪಡೆದಷ್ಟೇ ಪ್ರಯೋಜನವಾದರೆ, ಅಥವಾ ಆ ೨೦೦ ಗಜಗಳೊಳಗೆ ತೋಡಿದ ಬಾವಿಗೆ ಕಾಲುವೆಯ ನೀರು ಇಂಗಿ ಬಂದು ಅದರಿಂದ ಬೆಳೆ ಬೆಳೆದರೆ, ಆ ಭೂಮಿಯ ಮೇಲೆ ನೀರಿನ ದರವನ್ನು ಹಾಕಲು ಅಧಿಕಾರಿಗೆ ಅದು ಅವಕಾಶ ಕೊಟ್ಟಿತು. ನೇರ ನೀರಿನ ದರಕ್ಕಿಂತ ಅದು ಹೆಚ್ಚಾಗಕೂಡದೆಂಬುದಷ್ಟೇ ಮಿತಿ. ಇದರ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ಇಂಜಿನಿಯರನ ಪುಸ್ತಕದಲ್ಲಿ ನಷ್ಟವೆಂದು ಖರ್ಚು ಬಿದ್ದ ನೀರು, ಕಂದಾಯದ ಪುಸ್ತಕದಲ್ಲಿ ಮಾರಿದ ಸರಕಾಗಿ ಜಮೆಯಾಗಬಹುದಾಗಿತ್ತು. ರೈತನು ಬೇಡಿದುದಲ್ಲ, ಬಾಗಿಲು ತೆರೆದು ಪಡೆದುದೂ ಅಲ್ಲ. ತನ್ನ ಕೂಲಿಯಿಂದ ತೋಡಿದ ಬಾವಿಯಲ್ಲಿ ಕಂಡ ಒರತೆಗೆ ಅವನು ತೆರಿಗೆ ಕೊಡಬೇಕು. ೨೦೦ ಗಜ ದಾಟಿದರೆ ಅದೇ ಒರತೆ ದೇವರು ಕೊಟ್ಟುದು! ಗರಸಿನ ಪದರವು ಗಜಕೋಲನ್ನು ನೋಡಿ ನೀರು ಹರಿಸುವುದಿಲ್ಲವೆಂಬುದು ಕಾಯಿದೆಯನ್ನು ರಚಿಸಿದವರಿಗೆ ತಿಳಿಯದ ವಿಷಯವಾಗಿರಲಾರದು. ಲೆಕ್ಕಕ್ಕೆ ಎಲ್ಲಿಯಾದರೂ ಒಂದು ಗೆರೆ ಬೇಕಾಗಿತ್ತು, ಎಳೆದರು.

ಇನ್ನೊಂದು ಮಗ್ಗುಲೂ ಇದೆ. ಉತ್ತರ ಹಿಂದೂಸ್ಥಾನದ ೧೮೭೩ರ ಕಾಲುವೆ ಕಾಯಿದೆಯು ಯಾವ ಹಾನಿಗೆ ಪರಿಹಾರವಿಲ್ಲವೆಂದು ಹೇಳುವಲ್ಲಿ, ಇಂಗಿ ಬರುತ್ತಿದ್ದ ನೀರು ನಿಂತುದನ್ನೂ, ಹವೆ ಮತ್ತು ಮಣ್ಣು ಕೆಟ್ಟುದನ್ನೂ ಸ್ಪಷ್ಟವಾಗಿ ಹೆಸರಿಸಿತು. ಇದು ಬೆಳಗಾವಿಗೆ ಅನ್ವಯಿಸಿದ ಕಾಯಿದೆಯಲ್ಲ; ಆದರೂ ಅದೇ ದಶಕದ ಎರಡು ಕಾಯಿದೆಗಳನ್ನು ಒಟ್ಟಿಗಿಟ್ಟು ಓದಿದರೆ ಆಳುವವರ ಮನೋಭಾವ ತಿಳಿಯುತ್ತದೆ. ಇಂಗಿದ ನೀರು ಬೆಳೆ ಕೊಟ್ಟರೆ ಅದು ಸರಕಾರದ್ದು. ಮಣ್ಣನ್ನು ಕೆಡಿಸಿದರೆ ಅದು ಯಾರದೂ ಅಲ್ಲ.

ಅಳತೆಯ ವಿಚಾರಕ್ಕೆ ಬರೋಣ. ಮರಳಿನ ಮೂಲಕ ನೀರು ಹರಿಯುವ ವೇಗದ ನಿಯಮವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿಯು ೧೮೫೬ರಲ್ಲಿ ಪ್ರಕಟಿಸಿದನು. ಹಿಂದೂಸ್ಥಾನದ ಕಾಲುವೆಗಳಲ್ಲಿ ನಷ್ಟವನ್ನು ಕ್ರಮವಾಗಿ ಅಳೆದವರಲ್ಲಿ ಪಂಜಾಬಿನ ಆರ್. ಜಿ. ಕೆನೆಡಿಯ ಹೆಸರು ಮೊದಲು ಬರುತ್ತದೆ. ೧೮೮೦ರ ದಶಕದ ಆರಂಭದಲ್ಲಿ ಮೇಲಣ ಬಾರೀ ದುವಾಬ ಕಾಲುವೆಯಲ್ಲಿ ಅವನು ಕಂಡುಕೊಂಡುದು ಇದು: ತಲೆಯಲ್ಲಿ ೧೦೦ ಪಾಲು ನೀರು ಬಿಟ್ಟರೆ ದೊಡ್ಡ ಕಾಲುವೆ ಮತ್ತು ಶಾಖೆಗಳಲ್ಲಿ ೨೦ ಪಾಲು, ಉಪಕಾಲುವೆಗಳಲ್ಲಿ ೬ ಪಾಲು, ಹಳ್ಳಿಯ ಹೊಲಗಾಲುವೆಗಳಲ್ಲಿ ೨೧ ಪಾಲು ಹೋಗಿ, ಹೊಲಕ್ಕೆ ಮುಟ್ಟುವುದು ೫೩. ಈ ಅಂಕಿಗಳನ್ನು ಎತ್ತಿ ಹೇಳುವವರು ಸಾಮಾನ್ಯವಾಗಿ ಕೊನೆಯ ೫೩ನ್ನು ಮಾತ್ರ ನೋಡುತ್ತಾರೆ. ನೋಡಬೇಕಾದುದು ೨೧. ಸರಕಾರದ ಜವಾಬ್ದಾರಿ ತೂಬಿನಲ್ಲಿ ಮುಗಿಯುತ್ತದೆ. ತೂಬಿನಿಂದ ಆಚೆಗೆ, ಒಬ್ಬರ ಹೊಲದ ಬದುವಿನಿಂದ ಇನ್ನೊಬ್ಬರ ಹೊಲದ ಬದುವಿಗೆ ಹೋಗುವ ಮೊಳದಗಲದ ಹೊಲಗಾಲುವೆಗಳಲ್ಲಿ, ಮೈಲಿಗಟ್ಟಲೆ ಉದ್ದದ ದೊಡ್ಡ ಕಾಲುವೆಯಲ್ಲಿ ಹೋದುದಕ್ಕಿಂತಲೂ ಒಂದು ಪಾಲು ಹೆಚ್ಚು ನೀರು ಹೋಯಿತು. ಪಂಜಾಬಿನ ಮೆಕ್ಕಲು ಮಣ್ಣಿನ ಅಂಕಿಗಳನ್ನು ಕೃಷ್ಣಾತೀರದ ಎರೆಗೆ ಹಾಗೆಯೇ ಹಚ್ಚಲಾಗದೆಂಬುದು ನಿಜ. ಆದರೆ ಹೊಲಗಾಲುವೆಯು ಯಾರ ಲೆಕ್ಕಕ್ಕೂ ಸೇರದ ಅನಾಥವೆಂಬುದು ಎಲ್ಲ ಸೀಮೆಗೂ ಸಲ್ಲುವ ಮಾತು. ಇದನ್ನು ಸರಿಪಡಿಸುವುದಕ್ಕೆಂದು ಅಚ್ಚುಕಟ್ಟು ಪ್ರದೇಶಾಭಿವೃದ್ಧಿಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾದುದು ೧೯೭೪–೭೫ರಲ್ಲಿ.

ಕಾಲುವೆ ತೋಡುವವರು ಅನುಸರಿಸಿದ ಹಳೆಯ ಸೂತ್ರವೊಂದು ಸರಳವಾಗಿದೆ: ಮಣ್ಣುಗಾಲುವೆಯಲ್ಲಿ ನೀರು ಸೋಕುವ ಪ್ರತಿ ಹತ್ತು ಲಕ್ಷ ಚದರಡಿ ಮೈಗೆ ೮ ಕ್ಯುಸೆಕ್, ಎಂದರೆ ಸೆಕೆಂಡಿಗೆ ೮ ಘನ ಅಡಿ, ನಷ್ಟವೆಂದು ಹಿಡಿಯಬೇಕು. ನೀರು ಸೋಕುವ ಮೈಯ ಸುತ್ತಳತೆ ೨೦ ಅಡಿ ಇರುವ ಉಪಕಾಲುವೆಯೊಂದು ೫೦,೦೦೦ ಅಡಿ, ಸುಮಾರು ಒಂಬತ್ತೂವರೆ ಮೈಲಿ, ಹರಿದರೆ ಆ ಹತ್ತು ಲಕ್ಷ ಚದರಡಿ ತುಂಬುತ್ತದೆ. ೮ ಕ್ಯುಸೆಕ್ ಎಂದರೆ ಒಂದು ಹಗಲಿರುಳಿಗೆ ೬,೯೧,೨೦೦ ಘನ ಅಡಿ. ಎಕರೆಗೆ ೩ ಅಂಗುಲ ನೀರು ಹಾಯಿಸುವುದಾದರೆ ೬೩ ಎಕರೆಗೆ ಸಾಕು. ಕಾಲುವೆಯ ಮೈಯ ಮೇಲೆಲ್ಲ ಹರಡಿ ನೋಡಿದರೆ ಇದು ದಿನಕ್ಕೆ ೮ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಆಳ. ಕಡು ಬೇಸಗೆಯಲ್ಲಿ ಬಿಸಿಲಿಗೆ ಆರುವುದು ದಿನಕ್ಕೆ ಅಂಗುಲದ ಮೂರನೆಯ ಒಂದು ಪಾಲಿನಷ್ಟು. ಸೂರ್ಯನು ಕುಡಿಯುತ್ತಾನೆಂಬ ಲೋಕರೂಢಿಯ ದೂರು ಹೀಗೆ ತಪ್ಪಾಗುತ್ತದೆ. ಅವನಿಗಿಂತ ಇಪ್ಪತ್ತು ಮಡಿಗೂ ಮೀರಿ ಭೂಮಿ ಕುಡಿಯುತ್ತದೆ. ಆ ೬೩ ಎಕರೆ ಯಾರದು? ಕಾಲುವೆಯ ತಲೆಯಲ್ಲಿರುವವನದು ಎಂದಿಗೂ ಅಲ್ಲ. ಇಂಗಿದುದೆಲ್ಲವೂ ಬಾಕಿ ಬೀಳುವುದು ತುದಿಯವನ ಹೆಸರಿನಲ್ಲಿ. ಅಲ್ಪಜಲ, ಅಧಿಕಭೂಮಿ ಎಂಬ ದೋಷವು ಪ್ರತಿಯೊಂದು ಮಣ್ಣುಗಾಲುವೆಯ ಬಾಲದಲ್ಲಿಯೂ ಇದೆ.

ಆದರೆ ಹೋದ ನೀರು ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಬೇರೆ. ಅದಕ್ಕೆ ಉತ್ತರ ಮೊದಲು ಸಿಕ್ಕಿದುದು ಬೆಳಗಾವಿಯಲ್ಲಲ್ಲ, ಪುಣೆ ಜಿಲ್ಲೆಯ ನೀರಾ ಕಣಿವೆಯಲ್ಲಿ. ಮಣ್ಣೂ ಬಂಡೆಯೂ ಕಬ್ಬೂ ಕಾಯಿದೆಯೂ ಎರಡೆಡೆಯೂ ಒಂದೇ ಆದುದರಿಂದ ಆ ದೃಷ್ಟಾಂತವು ಇಲ್ಲಿ ಸಲ್ಲುತ್ತದೆ. ೧೮೮೫ರಲ್ಲಿ ತೆರೆದ ನೀರಾ ಎಡದಂಡೆ ಕಾಲುವೆಯ ಕೆಳಗೆ ಕೆಲವೇ ವರ್ಷಗಳಲ್ಲಿ ಒಳ್ಳೆಯ ಎರೆಹೊಲಗಳು ಬಿಳಿ ಉಪ್ಪನ್ನು ಹೊದೆಯತೊಡಗಿದವು. ಹೆರಾಲ್ಡ್ ಮ್ಯಾನ್, ವಿ. ಎ. ತಮ್ಹಾಣೆ ಇವರು ೧೯೧೦ರಲ್ಲಿ ಆ ಸವಳುಭೂಮಿಗಳನ್ನು ಕುರಿತು ಮುಂಬಯಿ ಕೃಷಿ ಇಲಾಖೆಯ ಮೂಲಕ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಈ ಪ್ರಶ್ನೆಯನ್ನು ಹಿಡಿದುಕೊಂಡೇ ೧೯೧೬ರಲ್ಲಿ ಮುಂಬಯಿ ಸರಕಾರವು ಒಂದು ವಿಶೇಷ ನೀರಾವರಿ ವಿಭಾಗವನ್ನು ತೆರೆಯಿತು. ಅದೇ ಬೆಳೆದು ಖಡಕವಾಸಲಾದ ಕೇಂದ್ರ ಜಲಸಂಶೋಧನಾಲಯವಾಗಿದೆ. ಸಿ. ಸಿ. ಇಂಗ್ಲಿಸ್ ಮೊದಲಾದವರ ಪರಿಶೀಲನೆಯಿಂದ ಸ್ಪಷ್ಟವಾದ ಪ್ರಕಾರವು ಹೀಗಿದೆ. ಮೇಲಿನ ಇಳಿಜಾರಿನಲ್ಲಿ ಕಾಲುವೆಯಿಂದಲೂ ಅತಿಯಾಗಿ ಹಾಯಿಸಿದ ಹೊಲದಿಂದಲೂ ಇಂಗಿದ ನೀರು ಗರಸಿನ ಪದರವನ್ನು ಹಿಡಿದು ಅಡ್ಡಲಾಗಿ ಸರಿಯುತ್ತದೆ. ಕೆಳಗೆ ಗರಸು ತೆಳುವಾದೆಡೆ, ಇಲ್ಲವೆ ಗಟ್ಟಿ ಬಂಡೆಯ ತಡೆ ಬಂದೆಡೆ, ಅದಕ್ಕೆ ದಾರಿಯಿಲ್ಲದಾಗಿ ಎರೆಯೊಳಕ್ಕೆ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಎರೆಯ ಸೂಕ್ಷ್ಮರಂಧ್ರಗಳಲ್ಲಿ ಏರಿದ ನೀರು ಬಿಸಿಲಿಗೆ ಆರಿಹೋಗಿ, ಕರಗಿಸಿ ತಂದ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಹೀಗೆ ಮೇಲಿನವನು ಕಳೆದುಕೊಂಡ ನೀರು ಕೆಳಗಿನವನ ಹೊಲದಲ್ಲಿ ಸವಳಾಗಿ ಕಾಣಿಸಿಕೊಳ್ಳುತ್ತದೆ. ಇಬ್ಬರಿಗೂ ಅದು ನಷ್ಟವೇ.

ನೀರನ್ನು ಅಳೆದು ಕೊಡುವ ಪ್ರಯತ್ನವೂ ಇದೇ ಕಾಲುವೆಗಳ ಮೇಲೆ ನಡೆಯಿತು. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೯ನೆಯ ಶತಮಾನದ ಕೊನೆಯಲ್ಲಿ ಪುಣೆಯ ನೀರಾವರಿಯನ್ನು ನೋಡಿಕೊಳ್ಳುತ್ತಿದ್ದಾಗ 'ಬ್ಲಾಕ್' ಪದ್ಧತಿಯನ್ನು ಆಚರಣೆಗೆ ತಂದರು. ಕಾಲುವೆಯ ತಲೆಯ ಹಳ್ಳಿಗಳೇ ಕಬ್ಬಿಗೆಂದು ನೀರನ್ನೆಲ್ಲ ಹಿಡಿಯದಂತೆ ಭೂಮಿಯನ್ನು ಒತ್ತೊತ್ತಾದ ತುಂಡುಗಳಾಗಿ ಗೊತ್ತುಮಾಡಿ, ಅದರ ಒಂದಂಶದಲ್ಲಿ ಮಾತ್ರ ಸರದಿಯ ಮೇಲೆ ಕಬ್ಬು ಬೆಳೆಸುವುದು ಅದರ ತಿರುಳು. ಮೊದಲು ರೈತರೂ ಪತ್ರಿಕೆಗಳೂ ವಿರೋಧಿಸಿದುದು ಉಂಟು. ಹರಡಿಬಿದ್ದ ಹೊಲಗಳಿಗೆ ಹೊಲಗಾಲುವೆಗಳನ್ನು ಉದ್ದಕ್ಕೆ ಎಳೆಯುವುದು ತಪ್ಪಿದರೆ ಕೆನೆಡಿಯ ಆ ೨೧ ಪಾಲು ತಾನಾಗಿ ಇಳಿಯುವುದೆಂಬುದು ಆ ಪದ್ಧತಿಯ ಅಷ್ಟಾಗಿ ಗಮನಕ್ಕೆ ಬಾರದ ಗುಣ.

ಚಿಕ್ಕೋಡಿ ಸೀಮೆಯ ವಿಶೇಷವೆಂದರೆ ಇಲ್ಲಿ ಎರಡು ಬೇರೆ ನೀರಾವರಿ ಪರಂಪರೆಗಳು ಕೂಡಿವೆ. ದಕ್ಷಿಣದಿಂದ ಬಂದುದು ಘಟಪ್ರಭೆಯ ಕಾಲುವೆಯ ಪರಂಪರೆ. ಪಡುವಣದ ಕೊಲ್ಲಾಪುರದಿಂದ ಬಂದುದರಲ್ಲಿ ಕಾಲುವೆಯೇ ಇಲ್ಲ. ಮೇಲೆ ಜಲಾಶಯವನ್ನು ಕಟ್ಟಿ, ನದಿಯ ಪಾತ್ರದಲ್ಲಿಯೇ ನೀರನ್ನು ಬಿಟ್ಟು, ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆಗಳನ್ನು ಇಳಿಸಿ ತಡೆದು, ದಂಡೆಯಿಂದ ಎತ್ತಿಕೊಳ್ಳುವುದು ಆ ಕ್ರಮ. ಕೊಲ್ಲಾಪುರ ಮಾದರಿಯ ಬಾಂದಾರವೆಂದು ಇದು ಪ್ರಸಿದ್ಧ. ಕಲ್ಲೋಳ–ಯಡೂರು, ಜತ್ರಾಟ–ಭಿವಶಿ, ಕಾರದಗಾ–ಭೋಜ ಮೊದಲಾದ ಬಾಂದಾರಗಳು ಕೃಷ್ಣಾ, ವೇದಗಂಗಾ, ದೂಧಗಂಗೆಗಳ ಮೇಲೆ ಸೇತುವೆಗಳೂ ಆಗಿ ನಿಂತಿವೆ. ಮಹಾಪೂರ ಬಂದೊಡನೆ ಮುಳುಗಿ ಊರುಗಳನ್ನು ಅಗಲಿಸುತ್ತವೆ. ಈ ಕ್ರಮದಲ್ಲಿ ಇಂಗುವಿಕೆಯೇ ಇಲ್ಲವೆಂದಲ್ಲ. ಬೇಸಗೆಯಲ್ಲಿ ಬತ್ತಿದ ಕೃಷ್ಣೆಗೆ ಕೋಯ್ನಾ ಜಲಾಶಯದಿಂದ ನೀರು ಬಿಡಿಸಿಕೊಳ್ಳಬೇಕಾದಾಗ, ನೂರಾರು ಕಿಲೋಮೀಟರು ಒಣಗಿದ ಪಾತ್ರ, ಮಡುಗಳು, ದಂಡೆಗಳು ಮೊದಲು ತಮ್ಮ ಪಾಲನ್ನು ಕುಡಿದು ಮುಂದಕ್ಕೆ ಬಿಡುತ್ತವೆ. ಆಗ ನದಿಯೇ ಒಂದು ಮಣ್ಣುಗಾಲುವೆ, ಅಥಣಿಯು ಅದರ ತುದಿಯ ಹಳ್ಳಿ. ೨೦೧೯ರ ಬೇಸಗೆಯಲ್ಲಿ ಹೀಗೆ ಬತ್ತಿ ಜನರನ್ನು ವರತಿ ತೋಡುವಂತೆ ಮಾಡಿದ ಅದೇ ಪಾತ್ರವು ಅದೇ ವರ್ಷದ ಆಗಸ್ಟಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ತೀರದ ಗ್ರಾಮಗಳನ್ನು ಮುಳುಗಿಸಿತು.

ಸ್ವಾತಂತ್ರ್ಯಾನಂತರ ಘಟಪ್ರಭಾ ಯೋಜನೆಯು ಹಂತಹಂತವಾಗಿ ಬೆಳೆಯಿತು. ಧೂಪದಾಳದ ಎಡದಂಡೆ ಕಾಲುವೆಯನ್ನು ೧೦೯ ಕಿಲೋಮೀಟರಿನವರೆಗೆ ಒಯ್ದರು; ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವು ೧೯೭೭ರಲ್ಲಿ ಪೂರ್ಣವಾಯಿತು; ಅದರ ಧಾರಣೆ ೫೧ ಟಿ. ಎಂ. ಸಿ., ಎಂದರೆ ೫,೧೦೦ ಕೋಟಿ ಘನ ಅಡಿ. ಬಲದಂಡೆ ಕಾಲುವೆಯೊಡನೆ ಚಿಕ್ಕೋಡಿ ಶಾಖಾ ಕಾಲುವೆಯೂ ಬಂದು, ಒಂದು ಕಾಲಕ್ಕೆ ಸಂಸ್ಥಾನದ ಗಡಿಯಾಚೆಗಿದ್ದ ರಾಯಬಾಗಕ್ಕೂ ಘಟಪ್ರಭೆಯ ನೀರು ಮುಟ್ಟಿತು. ಅಷ್ಟರಲ್ಲಿ ೧೯೫೬ರ ಪುನರ್ವಿಂಗಡಣೆಯಿಂದ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿ, ಮುಂಬಯಿಯ ೧೮೭೯ರ ಕಾಯಿದೆಗೆ ಬದಲಾಗಿ ೧೯೬೫ರ ಮೈಸೂರು ನೀರಾವರಿ ಕಾಯಿದೆ ಬಂದಿತ್ತು.

ಕಾಲುವೆಗೆ ಕಲ್ಲು, ಕಾಂಕ್ರೀಟುಗಳ ಹೊದಿಕೆ ಹಾಕಿದರೆ ಸೂತ್ರದ ೮ ಕ್ಯುಸೆಕ್ ೨ಕ್ಕೆ ಇಳಿಯುವುದೆಂದು ಲೆಕ್ಕ. ಎರೆಯ ಮೇಲೆ ಹಾಕಿದ ಹೊದಿಕೆಯು ಮಣ್ಣು ಉಬ್ಬಿ ಕುಗ್ಗುವಾಗ ಬಿರಿಯುವುದರಿಂದ ಆ ಲೆಕ್ಕ ಕಾಗದದಲ್ಲಿರುವಷ್ಟು ದಿನ ನೆಲದಲ್ಲಿ ಉಳಿಯದು; ಬಿರುಕನ್ನು ಮುಚ್ಚಲು ಬೇಕಾದುದು ಮತ್ತೆ ಆ ಹಳೆಯ ಕಟ್ಟುಗೊಡಗೆಯ ಕೆಲಸವೇ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಬೇರೊಂದಿದೆ. ಹೊದಿಕೆಯಿಂದ ಉಳಿದ ೬ ಕ್ಯುಸೆಕ್ ನೀರು ಹಿಂದೆ ಎಲ್ಲಿಯೋ ಮಾಯವಾಗುತ್ತಿರಲಿಲ್ಲ. ಕಾಲುವೆಯ ಕೆಳಬದಿಯ ಬಾವಿಗಳಲ್ಲಿ ಅದು ಒರತೆಯಾಗಿತ್ತು. ತುದಿಯವನಿಗೆ ನ್ಯಾಯ ಸಿಕ್ಕಿದ ದಿನವೇ ನಡುವಿನವನ ಬಾವಿ ಇಳಿಯತೊಡಗುತ್ತದೆ. ತೆರಿಗೆಯ ಆಸೆಯಿಂದಲಾದರೂ ೧೮೭೯ರ ಕಾಯಿದೆಯು ಆ ಬಾವಿಯನ್ನು ಕಂಡಿತ್ತು. ಉಳಿತಾಯದ ಈಚಿನ ಲೆಕ್ಕಗಳಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ.

ಇಂಗಿದ ನೀರನ್ನು ಆದಾಯವೆಂದು ಎಣಿಸಿದ ಎರಡನೆಯ ಮಹಾಲೆಕ್ಕವು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯದು. ೧೯೬೯ರಲ್ಲಿ ನೇಮಕವಾಗಿ, ನ್ಯಾಯಮೂರ್ತಿ ಆರ್. ಎಸ್. ಬಚಾವತರ ಅಧ್ಯಕ್ಷತೆಯಲ್ಲಿ ೧೯೭೩ರಲ್ಲಿ ತೀರ್ಪನ್ನೂ ೧೯೭೬ರಲ್ಲಿ ಅಂತಿಮ ಆದೇಶವನ್ನೂ ಕೊಟ್ಟ ಈ ಮಂಡಳಿಯು ನೂರರಲ್ಲಿ ೭೫ ವರ್ಷ ನಂಬಬಹುದಾದ ೨,೦೬೦ ಟಿ. ಎಂ. ಸಿ. ನೀರನ್ನು ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಕ್ಕೆ ೮೦೦ ಎಂದು ಹಂಚಿತು. ಅಷ್ಟಕ್ಕೆ ನಿಲ್ಲದೆ, ದೊಡ್ಡ ಯೋಜನೆಗಳಲ್ಲಿ ಹೊಸದಾಗಿ ಬಳಸುವ ನೀರಿನ ೧೦ನೆಯ ಒಂದು ಪಾಲು ನೆಲದಿಂದ ಬಸಿದು ನದಿಗೆ ತಿರುಗಿ ಬರುವುದೆಂದು ಹಿಡಿದು, ಅದನ್ನೂ ಹಂಚಿಕೆಗೆ ಸೇರಿಸಿತು. ಈ ಮರುಹರಿವಿನ ಮೊತ್ತ ೭೦ ಟಿ. ಎಂ. ಸಿ.; ಅದರಲ್ಲಿ ಕರ್ನಾಟಕದ ಪಾಲು ೩೪, ಮಹಾರಾಷ್ಟ್ರದ್ದು ೨೫, ಆಂಧ್ರದ್ದು ೧೧. ಹಿಡಕಲ್ಲಿನ ಜಲಾಶಯವನ್ನು ಒಂದೂವರೆ ಸಲ ಒಡೆದು ಹರಿಸಿದರೂ ತುಂಬದಷ್ಟು ಇದರ ಮೊತ್ತವೇನೂ ಅಲ್ಲ. ಆದರೆ ಅದಕ್ಕಿಂತ ಬಹಳ ಕಡಮೆಯೂ ಅಲ್ಲ. ಮೂರು ರಾಜ್ಯಗಳು ಹೋರಾಡಿ ಪಡೆದ ಈ ೭೦ರ ದೊಡ್ಡ ಪಾಲು ಮಣ್ಣುಗಾಲುವೆಗಳಲ್ಲಿಯೂ ಹೊಲಗಳಲ್ಲಿಯೂ 'ನಷ್ಟ'ವಾದ ನೀರೇ. ಗಡಿಯ ದೋಷವು ಒಸರಿನ ದೋಷವನ್ನು ಇಲ್ಲಿ ಗುಣವನ್ನಾಗಿ ಮಾಡಿತು.

ಈ ತೀರ್ಪನ್ನು ಆಧರಿಸಿ, ಇಂಗಿದುದು ನದಿಗೆ ಮರಳುವುದರಿಂದ ಕಾಲುವೆಯ ನಷ್ಟವು ನಿಜವಾದ ನಷ್ಟವೇ ಅಲ್ಲವೆಂದು ವಾದಿಸುವವರುಂಟು. ಜಲದ ಮೊತ್ತವನ್ನಷ್ಟೇ ನೋಡಿದರೆ ವಾದವು ಸರಿಯಾಗಿ ತೋರಬಹುದು. ಆದರೆ ಹೋಗುವಾಗ ಸಿಹಿಯಾಗಿ ಹೋದ ನೀರು ಬರುವಾಗ ಹಾಗೆ ಬರುವುದಿಲ್ಲ. ಕಂದಾಯದ ಪುಸ್ತಕವಾಗಲಿ, ಇಂಜಿನಿಯರನ ಪುಸ್ತಕವಾಗಲಿ, ನ್ಯಾಯಮಂಡಳಿಯ ಹಂಚಿಕೆಯಾಗಲಿ ನೀರನ್ನು ಘನ ಅಡಿಗಳಲ್ಲಿ ಎಣಿಸಿದವೇ ಹೊರತು ಅದು ಹೊತ್ತುತಂದ ಉಪ್ಪಿಗೆ ಅಂಕಣವನ್ನು ಹಾಕಲಿಲ್ಲ. ಪೋರುಮಾಮಿಳ್ಳದ ಶಾಸನಕಾರನು ಒಸರು ಮತ್ತು ಚೌಳುಗಳನ್ನು ಒಂದೇ ಪಟ್ಟಿಯಲ್ಲಿಟ್ಟನು. ಐದು ನೂರು ವರ್ಷಗಳ ತರುವಾಯ ಬಂದ ಲೆಕ್ಕಗಳು ಅವೆರಡನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿದವು.

ಕಾಲುವೆಯನ್ನೇ ದೂರಿದರೂ ಸತ್ಯಕ್ಕೆ ಪೂರ್ಣವಾಗಿ ನ್ಯಾಯ ಸಲ್ಲದು. ೧೯೩೯ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆ ಸ್ಥಾಪಿತವಾದ ಬಳಿಕ ಕೃಷ್ಣೆಯ ಎರಡೂ ದಂಡೆಗಳಲ್ಲಿ ಕಬ್ಬು ಹಬ್ಬಿತು. ಈ ಹೊಲಗಳಲ್ಲಿ ಬಹಳಷ್ಟಕ್ಕೆ ನೀರು ಬರುವುದು ಮಣ್ಣುಗಾಲುವೆಯಿಂದಲ್ಲ, ನದಿಯಿಂದ ಯಂತ್ರವು ಎತ್ತಿ ಕಳುಹಿಸುವ ಕೊಳವೆಯಿಂದ. ದಾರಿಯಲ್ಲಿ ಹನಿಯೂ ಇಂಗದ ಈ ನೀರು ಹೊಲಕ್ಕೆ ಬಂದು ಬೀಳುವಾಗ ಮಿತಿ ಮೀರಿ ಬೀಳುವುದರಿಂದ, ಕಾಗವಾಡ, ಅಥಣಿ, ಚಿಕ್ಕೋಡಿಗಳ ನದೀತೀರದ ಎರೆಯಲ್ಲಿಯೂ, ಗಡಿಯಾಚೆಯ ಶಿರೋಳ ತಾಲೂಕಿನಲ್ಲಿಯೂ ಸವಳು ಜವಳುಗಳು ಒಂದೇ ಬಗೆಯಾಗಿ ಹರಡಿವೆ. ಇಂಗುವ ಸ್ಥಳ ಕಾಲುವೆಯಿಂದ ಹೊಲಕ್ಕೆ ಬದಲಾಯಿತು, ಅಷ್ಟೆ. ಒಂದು ಹೊಲ ಸವಳಾದರೆ ಮೊದಲು ಹೋಗುವುದು ಕಬ್ಬು, ಆಮೇಲೆ ಜೋಳ. ಕೊನೆಗೆ ಉಪ್ಪು ಸಹಿಸುವ ಹುಲ್ಲಿನ ಹೊರತು ಏನೂ ಏಳದ ಆ ನೆಲ ಪಹಣಿಯಲ್ಲಿ ಮಾತ್ರ ಬಾಗಾಯತು.

ಇಂತಹ ನೆಲವನ್ನು ಮರಳಿ ಪಡೆಯಲು ಉಗಾರ ಬುದ್ರುಕ್ ಮೊದಲಾದ ಕಡೆಗಳಲ್ಲಿ ಹೊಲದ ಕೆಳಗೆ ತೂತುಗಳುಳ್ಳ ಕೊಳವೆಗಳನ್ನು ಹೂಳಲಾಗಿದೆ. ಒಬ್ಬನ ಹೊಲದಲ್ಲಿ ಮಾತ್ರ ಹೂಳಿ ಫಲವಿಲ್ಲ; ಮೇಲಿನವನ ನೀರು ಕೆಳಗಿನವನ ಹೊಲವನ್ನು ದಾಟಿಯೇ ಹೋಗಬೇಕಾದುದರಿಂದ ಊರಿನವರೆಲ್ಲರೂ ಒಪ್ಪಿ, ಕೊಳವೆಗಳನ್ನು ಒಂದಕ್ಕೊಂದು ಕೂಡಿಸಿ ಹಳ್ಳದವರೆಗೆ ಒಯ್ಯಬೇಕು. ಮೇಲೆ ಕಾಲುವೆಗೆ ನೀರು ಇಂಗದಂತೆ ಹೊದಿಕೆ, ಕೆಳಗೆ ಇಂಗಿದ ನೀರು ಹೊರಡುವಂತೆ ತೂತುಕೊಳವೆ: ಎರಡಕ್ಕೂ ಖರ್ಚು. ಕೊಳವೆಯಿಂದ ಹೊರಟ ಉಪ್ಪುನೀರು ಹಳ್ಳವನ್ನು ಸೇರಿ, ಹಳ್ಳದಿಂದ ಕೃಷ್ಣೆಗೆ ಇಳಿಯುತ್ತದೆ. ಅದೇ ನೀರನ್ನು ಕೆಳಗಿನ ಊರಿನವರು ಮತ್ತೆ ಎತ್ತಿ ಕಬ್ಬಿಗೆ ಹಾಯಿಸುತ್ತಾರೆ.